ಮಾಶಾ ಅಲ್ಲಾಹ್ ಸಾಲದು, ಮಜೂರಿ ಕೊಡಿ

ನಮ್ಮ ಮದ್ರಸದಲ್ಲಿ ಕಲಿತ ಹುಡುಗನೊಬ್ಬ ಈಗ ಡಿಗ್ರಿ ಓದುತ್ತಿದ್ದಾನೆ. ಲಾಕ್‌ಡೌನ್ ಕಾಲದಲ್ಲಿ ಎಲ್ಲರೂ ಮೊಬೈಲ್‌ನಲ್ಲಿ ಗೇಮ್ ಆಡುವಾಗ ಇವನು ವೆಬ್‌ಸೈಟ್ ಮಾಡುವುದನ್ನು ಕಲಿಯಲು ಕೂತ. ಎಚ್‌ಟಿಎಂಎಲ್, ಸಿಎಸ್ಎಸ್ ಎಲ್ಲ ಫ್ರೀಕೋಡ್‌ಕ್ಯಾಂಪ್‌ನಂಥ ತಾಣಗಳಲ್ಲಿ ಪುಕ್ಕಟೆ ಕಲಿಯಬಹುದು. ಗಲ್ಫ್‌ನಲ್ಲಿರುವ ಮಾವ ಹಳೇ ಲ್ಯಾಪ್‌ಟಾಪ್ ಒಂದನ್ನು ಕೊಟ್ಟರು. ಆಮೇಲೆ ಜಮಾಅತಿಗೊಂದು ವೆಬ್‌ಸೈಟ್, ಸಂಬಂಧಿಕರ ಅಂಗಡಿಗೊಂದು, ಮದುವೆ ಕರೆಯೋಲೆಗಳು ನಾಲ್ಕೈದು. ಎಲ್ಲದಕ್ಕೂ ಸಿಕ್ಕಿದ ಸಂಬಳ ಒಂದೇ: "ಮಾಶಾ ಅಲ್ಲಾಹ್, ಚೆಂದ ಉಂಟು."

ತಪ್ಪು ನಮ್ಮದೂ ಇದೆ. ಮದ್ರಸದ ವಾರ್ಷಿಕೋತ್ಸವಕ್ಕೆ ಅವನಿಂದಲೇ ಪುಟ ಮಾಡಿಸಿದೆವು. "ಸವಾಬ್ ಸಿಗ್ತದೆ ಮೋನೇ" ಎಂದೆವು. ಅದೇ ವೇದಿಕೆಗೆ ಶಾಮಿಯಾನ ಹಾಕಿದವರಿಗೆ, ಮೈಕ್ ತಂದವರಿಗೆ ಅಂದೇ ಹಣ ಎಣಿಸಿ ಕೊಟ್ಟಿದ್ದೆವು!

ಮೊನ್ನೆ ಅಡುಗೆ ಕಾಂಟ್ರಾಕ್ಟ್‌ನವರೊಬ್ಬರು ತಮ್ಮ ಮೆನುವಿಗೆ ವೆಬ್‌ಸೈಟ್ ಬೇಕು, ರೇಟ್ ಹೇಳು ಎಂದರಂತೆ. ಹುಡುಗನ ಬಾಯಿಂದ ಸಂಖ್ಯೆಯೇ ಹೊರಡಲಿಲ್ಲ. ನಮ್ಮನ್ನು ಮನೆಗೆ ಕರೆದ. ಜಗಲಿಯಲ್ಲಿ ಮೊರ ಇಟ್ಟುಕೊಂಡು ಬೀಡಿ ಕಟ್ಟುತ್ತಿದ್ದ ಅವನ ಉಮ್ಮ ತಲೆ ಎತ್ತದೆಯೇ ಕೇಳಿದರು: "ಸಾವಿರ ಬೀಡಿಗೆ ಎಷ್ಟು ಅಂತ ನನಗೆ ಲೆಕ್ಕ ಉಂಟು. ಕಾಲೇಜಿಗೆ ಹೋಗುವ ಇವನಿಗೆ ಯಾಕಿಲ್ಲ ಉಸ್ತಾದ್?"

ಉತ್ತರ ಆ ಪ್ರಶ್ನೆಯಲ್ಲೇ ಇತ್ತು. ಹವ್ಯಾಸ ಕಸುಬಾಗುವುದು ಇನ್ನೊಂದು ಕೋರ್ಸ್ ಮಾಡಿದಾಗಲ್ಲ, ಲೆಕ್ಕ ಹುಟ್ಟಿದಾಗ. ಎಷ್ಟು ಪುಟ, ಎಷ್ಟು ದಿನದ ಕೆಲಸ, ದಿನಕ್ಕೆ ಎಷ್ಟು ಮಜೂರಿ? ಟೈಲ್ಸ್ ಹಾಕುವವನಿಗೆ ಕೊಡುವ ದಿನಗೂಲಿಗಿಂತ ಇದು ಯಾಕೆ ಕಡಿಮೆಯಾಗಬೇಕು?

ಲೆಕ್ಕ ಬಾಯಲ್ಲಿದ್ದರೂ ಸಾಲದು. ಸಾಲದ ವ್ಯವಹಾರವನ್ನು ಬರೆದಿಡಬೇಕೆಂದು ಕಲಿಸುವ ಅಲ್ ಬಖರ ಸೂರಾದ 282ನೇ ಆಯತ್, ಖುರ್‌ಆನಿನಲ್ಲೇ ಅತಿ ಉದ್ದದ ಆಯತ್. ಅದನ್ನು ಮಕ್ಕಳಿಗೆ ಓದಿಸುವ ನಾವು ನಮ್ಮ ವ್ಯವಹಾರಕ್ಕೆ ಬಂದಾಗ "ನಮ್ಮವರೇ ಅಲ್ವಾ" ಎಂದು ಬಿಡುತ್ತೇವೆ. ಅಂದು ಒಂದು ಹಾಳೆಯಲ್ಲಿ ಬರೆದೆವು: ಐದು ಪುಟ, ತಿದ್ದುಪಡಿ ಎರಡು ಸಲ, ಅದಕ್ಕಿಂತ ಹೆಚ್ಚಾದರೆ ಬೇರೆ ಹಣ, ಅರ್ಧ ಮುಂಗಡ, ಉಳಿದದ್ದು ವೆಬ್‌ಸೈಟ್ ತೆರೆಯುವ ದಿನ. ಡೊಮೈನ್ ಹೆಸರು ಗಿರಾಕಿಯ ಹೆಸರಲ್ಲೇ ಇರಬೇಕು, ಅದರ ವಾರ್ಷಿಕ ಶುಲ್ಕವೂ ಅವರದ್ದೇ. ಈ ಕೊನೆಯ ಮಾತಿಗೆ ಕಾರಣ ಇದೆ. ಅಂಗಡಿಯ ವೆಬ್‌ಸೈಟ್ ಒಂದು ವರ್ಷ ಕಳೆದ ಮೇಲೆ ಮಾಯವಾಗಿತ್ತು. ಶುಲ್ಕ ಯಾರೂ ಕಟ್ಟಿರಲಿಲ್ಲ, ಬೈಗುಳ ಮಾತ್ರ ಹುಡುಗನಿಗೆ ಬಂತು.

"ರೆಡಿಮೇಡ್ ಪುಟ ಪುಕ್ಕಟೆ ಸಿಗ್ತದೆ, ಇವನಿಗ್ಯಾಕೆ ಹಣ" ಎನ್ನುವವರಿದ್ದಾರೆ. ರೆಡಿಮೇಡ್ ಅಂಗಿ ಬಂದ ಮೇಲೆ ಟೈಲರ್ ಬೇಡವಾದನೇ? ಹಳೆಯ ನುಡಿ ಅಕ್ಷರದಲ್ಲಿ ಟೈಪ್ ಮಾಡಿದ ಕನ್ನಡವನ್ನು ಹಾಗೇ ಅಂಟಿಸಿದರೆ ವೆಬ್‌ಸೈಟ್‌ನಲ್ಲಿ ಅರ್ಥವಿಲ್ಲದ ಚಿಹ್ನೆ ಕಾಣುತ್ತದೆ, ಯೂನಿಕೋಡ್‌ಗೆ ಬದಲಿಸಬೇಕು. ಕ್ಯಾಮೆರಾದ ದೊಡ್ಡ ಫೋಟೋ ಹಾಗೇ ಹಾಕಿದರೆ ಹಳ್ಳಿಯ ನೆಟ್‌ವರ್ಕ್‌ನಲ್ಲಿ ಪುಟ ತೆರೆಯುವಷ್ಟರಲ್ಲಿ ಗಿರಾಕಿ ಬೇರೆ ಕಡೆ ಹೋಗಿರುತ್ತಾನೆ. ಇದನ್ನೆಲ್ಲ ಬಲ್ಲವನಿಗೆ ಕೊಡುವ ಹಣ ಅದು.

ಆ ಮನೆಯಲ್ಲಿ ಈಗ ವೀಸಾದ ಮಾತು ನಡೆದಿದೆ. ಗಲ್ಫ್ ನಮ್ಮ ಎಷ್ಟೋ ಮನೆಗಳನ್ನು ಎತ್ತಿದೆ, ಅದನ್ನು ಮರೆಯುವುದಿಲ್ಲ. ಆದರೆ ಊರಲ್ಲೇ ದುಡಿಯಬಲ್ಲ ಹುಡುಗನನ್ನು ನಮ್ಮ ಜಿಪುಣತನದಿಂದಲೇ ವಿಮಾನ ಹತ್ತಿಸಬೇಕೇ? ಕಲಿತು ಮನೆಯಲ್ಲಿ ಕೂತಿರುವ ನಮ್ಮ ಹೆಣ್ಣುಮಕ್ಕಳಿಗೂ ಈ ಕೆಲಸ ಒಗ್ಗುತ್ತದೆ. ಅವರಿಗೂ "ಮನೆಯಲ್ಲೇ ಇದ್ದೀಯಲ್ಲ, ಸ್ವಲ್ಪ ಮಾಡಿಕೊಡು" ಎಂಬ ಮಾತೇ ಮೊದಲ ಅಡ್ಡಿ.

ದಾನ ಕೊಡುವವನ ಮನಸ್ಸಿನಿಂದ ಬರಬೇಕು. ಪಡೆಯುವವನು ಸಂಕೋಚಕ್ಕೆ ಸಿಕ್ಕಿಸಿ ಮಾಡಿಸಿಕೊಂಡರೆ ಅದು ದಾನವಲ್ಲ. ಮಕ್ಕಳೇ, ಪುಕ್ಕಟೆ ಮಾಡಿಕೊಡುವುದಿದ್ದರೂ ಬಿಲ್ ಬರೆಯಿರಿ, ಕೆಳಗೆ "ನನ್ನ ದೇಣಿಗೆ" ಎಂದು ಬರೆಯಿರಿ. ಕೆಲಸದ ಬೆಲೆ ಎದುರಿನವರಿಗೂ ಗೊತ್ತಾಗಲಿ.

ಅಡುಗೆಯವರು ಹಾಳೆ ಓದಿ, ಚೌಕಾಸಿ ಮಾಡದೆ ಅರ್ಧ ಹಣ ಕೊಟ್ಟರು. ಕಳೆದ ವಾರ ಮದ್ರಸ ಕಮಿಟಿಯಲ್ಲಿ ಹಳೆಯ ಬಾಕಿಯ ಮಾತೆತ್ತಿದೆವು. ಒಬ್ಬಿಬ್ಬರು ಮುಖ ಸಿಂಡರಿಸಿದರು. ಇರಲಿ. ಶಾಮಿಯಾನದ ಖರ್ಚಿನ ಕೆಳಗೆ ವೆಬ್‌ಸೈಟ್ ಖರ್ಚು ಎಂಬ ಹೊಸ ಸಾಲು ನಮ್ಮ ಲೆಕ್ಕದ ಪುಸ್ತಕ ಸೇರಿತು.