ಚಿತ್ರಕ್ಕೆ ಹಕ್ಕುಂಟು, ಹೊಲಿದ ಕೈಗೆ?

ಭಾರತೀನಗರದ ಬಸ್ ಸ್ಟಾಪಿನಲ್ಲಿ ಹೊತ್ತು ಮೂಡುವ ಮುಂಚೆ ಬಂದು ನಿಂತು ನೋಡಿ. ಕಾಲೇಜಿನ ಗೇಟು ಇನ್ನೂ ತೆರೆದಿರುವುದಿಲ್ಲ. ಕಬ್ಬಿನ ಗಾಡಿಗಳ ಮಗ್ಗುಲಲ್ಲಿ ಊಟದ ಬ್ಯಾಗು ಹಿಡಿದ ನಮ್ಮ ಅಕ್ಕತಂಗಿಯರು ಗುಂಪುಗುಂಪಾಗಿ ನಿಂತಿರುತ್ತಾರೆ. ಮದ್ದೂರು ಕಡೆಯ ಗಾರ್ಮೆಂಟ್ಸಿಗೆ ಹೋಗುವವರು. ಹೊಲವೇ ಇಲ್ಲದವರು, ಇದ್ದ ತುಂಡು ಹೊಲದಲ್ಲಿ ಸಾಲ ತೀರದವರು.

ಮೊನ್ನೆ ಅಲ್ಲಿ ಒಬ್ಬ ಕಾಲೇಜು ಹುಡುಗಿ ತನ್ನ ದೊಡ್ಡವ್ವನಿಗೆ ಮೊಬೈಲಿನಲ್ಲಿ ಒಂದು ಅಂಗಿಯ ಜಾಹೀರಾತು ತೋರಿಸಿದಳು. "ನೋಡು ದೊಡ್ಡವ್ವ, ಈ ಅಂಗಿ ಹಾಕ್ಕಂಡಿರೋಳು ನಿಜವಾದ ಹುಡ್ಗಿನೇ ಅಲ್ವಂತೆ. ಕಂಪ್ಯೂಟರ್ ಬರ್ದಿರೋ ಚಿತ್ರವಂತೆ."

ದೊಡ್ಡವ್ವ ಕಾಲರ್ ಹೊಲಿಯುವವಳು. ಆಕೆಯ ಕಣ್ಣು ಮೊದಲು ಹೋದದ್ದು ಚಿತ್ರದ ಹುಡುಗಿಯ ಕಾಲರಿಗೆ. ಆಮೇಲೆ ಮುಖ ನೋಡಿ ಅಂದಳು: "ಹಂಗಾರೆ ಇವ್ಳು ಉಣ್ಣಾಕಿಲ್ಲ, ಒಂದ್ಕೆ ಹೋಗಾಕಿಲ್ಲ, ರಜ ಕೇಳಾಕಿಲ್ಲ. ನಮ್ ಸೂಪರ್‌ವೈಸರ್‌ಗೆ ಬೇಕಾಗಿರೋದೂ ಇಂಥೋಳೇ ಕಣವ್ವ."

ಡಿಜಿಟಲ್ ಯುಗದ ಫ್ಯಾಶನ್ ಮಾರುಕಟ್ಟೆಯ ಬಗ್ಗೆ ಪಂಡಿತರು ಪುಟಗಟ್ಟಲೆ ಬರೆಯುತ್ತಿದ್ದಾರೆ. ಅದರ ಹೂರಣವನ್ನು ಈ ತಾಯಿ ಒಂದೇ ಮಾತಿನಲ್ಲಿ ಬಿಚ್ಚಿಟ್ಟಳು. ಉಣ್ಣದ, ದಣಿಯದ, ಎದುರಾಡದ ಮೈ ಬೇಕೆಂಬುದು ಬಂಡವಾಳಶಾಹಿಯ ಹಳೇ ಕನಸು. ಈಗ ಅದು ಆ ಮೈಯನ್ನು ತಾನೇ ಬರೆದುಕೊಳ್ಳುತ್ತಿದೆ.

ಸೃಜನಶೀಲತೆಯ ಹೆಸರಿನಲ್ಲಿ ನಡೆದಿರುವುದನ್ನು ಕೇಳಿ. 2023ರ ಮಾರ್ಚಿನಲ್ಲಿ ಲಿವೈಸ್ ಕಂಪನಿ ತನ್ನ ಬಟ್ಟೆಗಳನ್ನು ಯಂತ್ರಬುದ್ಧಿ ಸೃಷ್ಟಿಸಿದ ರೂಪದರ್ಶಿಯರ ಮೇಲೆ ತೊಡಿಸಿ ನೋಡುವುದಾಗಿ ಸಾರಿತು. ಕಾರಣ? ಬಗೆಬಗೆಯ ಮೈಬಣ್ಣ, ಬಗೆಬಗೆಯ ಮೈಕಟ್ಟಿನವರನ್ನು ತೋರಿಸುವುದಂತೆ! ಕಪ್ಪು ಹೆಣ್ಣನ್ನು ಕರೆದು, ಕೂಲಿ ಕೊಟ್ಟು, ಕ್ಯಾಮರಾ ಮುಂದೆ ನಿಲ್ಲಿಸಿದ್ದರೆ ಆಗುತ್ತಿರಲಿಲ್ಲವೆ? ಕಪ್ಪು ಬಣ್ಣ ಬೇಕು, ಕಪ್ಪು ಮನುಷ್ಯಳು ಬೇಡ. ಟೀಕೆ ಬಂದ ಮೇಲೆ, ನಿಜವಾದ ರೂಪದರ್ಶಿಯರನ್ನು ಬಿಡುವುದಿಲ್ಲವೆಂದು ಕಂಪನಿ ಸಮಜಾಯಿಷಿ ಕೊಟ್ಟಿತು. ನಮ್ಮ ಹಾಡು, ನಮ್ಮ ತಮಟೆ ಬೇಕು, ನಾವು ಮಾತ್ರ ಹೊಸಿಲಾಚೆ ನಿಲ್ಲಬೇಕು ಎಂದ ಊರಿನವರನ್ನು ಕಂಡ ನಮಗೆ ಈ ಜಾಣತನ ಹೊಸದೇನೂ ಅಲ್ಲ.

2025ರ ಮಾರ್ಚಿನಲ್ಲಿ ಸ್ವೀಡನ್ನಿನ ಎಚ್ ಅಂಡ್ ಎಂ ಇನ್ನೊಂದು ಹೆಜ್ಜೆ ಮುಂದಿಟ್ಟಿತು. 30 ಮಂದಿ ನಿಜವಾದ ರೂಪದರ್ಶಿಯರ 'ಡಿಜಿಟಲ್ ಅವಳಿ'ಗಳನ್ನು ತಯಾರಿಸುವುದಾಗಿ ಹೇಳಿತು. ಆ ಅವಳಿಯ ಹಕ್ಕು ಆಯಾ ರೂಪದರ್ಶಿಯದೇ, ಚಿತ್ರ ಬಳಸಿದಾಗ ಅವರಿಗೆ ಸಂಭಾವನೆ ಸಲ್ಲುತ್ತದೆ ಎಂದೂ ಹೇಳಿತು. ಒಳ್ಳೆಯದೇ. ತನ್ನ ಮುಖದಿಂದ ಇನ್ನೊಬ್ಬ ದುಡಿಯುವುದಾದರೆ ಮುಖದ ಒಡತಿಗೆ ಪಾಲು ಸಿಗಲೇಬೇಕು. ಆ ಹೆಣ್ಣುಮಕ್ಕಳ ಮೇಲೆ ನಮಗೆ ಹೊಟ್ಟೆಕಿಚ್ಚಿಲ್ಲ.

ಆದರೆ ನಾವು ಕೇಳುತ್ತೇವೆ: ಹೊಲಿಯುವವಳ ಕೈಗೂ ಅವಳಿ ಹುಟ್ಟಿ ಎಷ್ಟೋ ಕಾಲವಾಯಿತಲ್ಲ, ಅದರ ಹಕ್ಕು ಯಾರದು?

ಗಾರ್ಮೆಂಟ್ಸಿನೊಳಗೆ ಹೋಗಿ ಬಂದವರಿಗೆ ಇದು ಗೊತ್ತು. ಗಡಿಯಾರ ಹಿಡಿದವನು ಬಂದು ಮಿಷಿನ್ ಪಕ್ಕ ನಿಲ್ಲುತ್ತಾನೆ. ಬಟ್ಟೆ ಎತ್ತಿಕೊಂಡದ್ದು, ಸೂಜಿಯಡಿ ಇಟ್ಟದ್ದು, ದಾರ ಕತ್ತರಿಸಿದ್ದು ಎಲ್ಲವನ್ನೂ ಸೆಕೆಂಡಿನ ಲೆಕ್ಕದಲ್ಲಿ ಅಳೆಯುತ್ತಾನೆ. ಹಾಗೆ ಅಳೆದು ಗೊತ್ತುಮಾಡಿದ ನಿಮಿಷಕ್ಕೆ 'ಸ್ಯಾಮ್' ಎಂದು ಹೆಸರು. ಒಂದು ಕೆಲಸಕ್ಕೆ 0.6 ನಿಮಿಷವೆಂದು ಬರೆದರೆ ಗಂಟೆಗೆ 100 ಪೀಸು ಲೆಕ್ಕ. ಅದೇ ಟಾರ್ಗೆಟ್ಟಿನ ಬುಡ. ವರ್ಷಾನುವರ್ಷ ಸೊಂಟ ಮುರಿದುಕೊಂಡು ಕಲಿತ ಕೈಚಳಕ ಕಂಪ್ಯೂಟರಿನ ಒಂದು ಅಂಕಿಯಾಗುತ್ತದೆ. ಆ ಅಂಕಿಯೇ ತಿರುಗಿ ಬಂದು ಪಕ್ಕದ ಲೈನಿನ ಬಾಣಂತಿಯ ಬೆನ್ನ ಮೇಲೆ ಕೂರುತ್ತದೆ. ಮುಖದ ಅವಳಿಗೆ ಸಂಭಾವನೆ. ಕೈಯ ಅವಳಿಗೆ ಬೈಗುಳ. ಯಾವ ನ್ಯಾಯ ಸ್ವಾಮಿ ಇದು?

ಹೊಲಿಯುವವಳಿಗೆ ಪಾಲು ಕೊಡಲು ದುಡ್ಡಿಲ್ಲವೆಂದು ಯಾರೂ ಹೇಳಬೇಡಿ. 2020ರ ಏಪ್ರಿಲ್‌ನಿಂದ ಕರ್ನಾಟಕದ ಗಾರ್ಮೆಂಟ್ಸ್ ಕಾರ್ಮಿಕರಿಗೆ ತಿಂಗಳಿಗೆ ಸುಮಾರು 417 ರೂಪಾಯಿ ತುಟ್ಟಿಭತ್ಯೆ ಏರಬೇಕಿತ್ತು. ದಿನಕ್ಕೆ ಹದಿನಾರು ರೂಪಾಯಿ, ಒಂದೆರಡು ಟೀ ಕಾಸು. ಮಾಲೀಕರು ಅದನ್ನೂ ತಡೆಹಿಡಿದರು. ಅದೇ ವರ್ಷ ಸೆಪ್ಟೆಂಬರಿನಲ್ಲಿ ಹೈಕೋರ್ಟು ಕೊಡಿ ಎಂದ ಮೇಲೂ ಎಷ್ಟೋ ಕಾರ್ಖಾನೆಗಳು ಕೊಡಲಿಲ್ಲ. ಕಾರ್ಮಿಕ ಸಂಘಗಳು ಕೂಗಾಡಿ, ಹೊರದೇಶದ ಬ್ರ್ಯಾಂಡುಗಳ ಬಾಗಿಲು ಬಡಿದ ಮೇಲೆ, 2022ರಲ್ಲಿ ದೊಡ್ಡ ಕಂಪನಿಗಳು ಬಾಕಿ ಕೊಡಲು ಒಪ್ಪಿದವು.

ನಮ್ಮ ಮಂಡ್ಯ ಜಿಲ್ಲೆಯ ಶ್ರೀರಂಗಪಟ್ಟಣವನ್ನೂ ಮರೆಯಬೇಡಿ. ಇದೇ ಎಚ್ ಅಂಡ್ ಎಂಗೆ ಬಟ್ಟೆ ಹೊಲಿಯುತ್ತಿದ್ದ ಅಲ್ಲಿನ ಕಾರ್ಖಾನೆಯಿಂದ 2020ರ ಜೂನ್‌ನಲ್ಲಿ, ಕೊರೊನಾ ಕಾಲದಲ್ಲಿ, ಮಿಷಿನ್‌ಗಳನ್ನು ಸಾಗಿಸಲು ಹೊರಟರು. 1,200ಕ್ಕೂ ಹೆಚ್ಚು ಕಾರ್ಮಿಕರು, ಬಹುಪಾಲು ಹೆಂಗಸರು, ಬೀದಿಪಾಲಾದರು. ಹಗಲೂರಾತ್ರಿ ಗೇಟಿನ ಮುಂದೆ ಕೂತರು. 2021ರ ಫೆಬ್ರವರಿಯಲ್ಲಿ ಮರುನೇಮಕದ ಒಪ್ಪಂದವಾದದ್ದು ಅವರು ಹಾಗೆ ಕೂತದ್ದರಿಂದ. ಡಿಜಿಟಲ್ ಅವಳಿ ಗೇಟಿನ ಮುಂದೆ ಕೂರುವುದಿಲ್ಲ. ಧಿಕ್ಕಾರ ಕೂಗುವುದಿಲ್ಲ. ಅದಕ್ಕೇ ಅದು ಅಷ್ಟು ಚೆಂದ ಕಾಣುತ್ತದೆ.

ಬಟ್ಟೆ ನಮಗೆ ಬರೀ ಬಟ್ಟೆಯಲ್ಲ. ತಿರುವಾಂಕೂರಿನ ನಾಡಾರ್ ಹೆಂಗಸರು ಎದೆ ಮುಚ್ಚಿಕೊಳ್ಳುವ ಹಕ್ಕಿಗಾಗಿ ದಶಕಗಳ ಕಾಲ ಹೊಡೆದಾಡಿದರು. 1859ರಲ್ಲಿ ರಾಜಾಜ್ಞೆ ಬಂದಾಗಲೂ, ಮೇಲ್ಜಾತಿಯವರ ಹಾಗೆ ಉಡಕೂಡದೆಂಬ ಷರತ್ತು ಅಂಟಿಕೊಂಡೇ ಇತ್ತು. ಬಾಬಾಸಾಹೇಬರು ಸೂಟು ತೊಟ್ಟು ನಿಂತದ್ದು ಶೋಕಿಗಲ್ಲ. ಇವತ್ತು ನಮ್ಮ ಕೇರಿಯ ಹುಡುಗ ಮೊಬೈಲಿನಲ್ಲಿ ಆರಿಸಿ ತರಿಸಿದ ಪ್ಯಾಂಟು ತೊಟ್ಟು ಊರ ಮುಂದೆ ನಡೆದರೆ ನಮಗೆ ಹೆಮ್ಮೆ. ಅಂಗಡಿಯವನು ಮೇಲಿಂದ ಕೆಳಗೆ ನೋಡಿ ಜಾತಿ ಅಳೆಯುವ ಕಷ್ಟ ಅಲ್ಲಿಲ್ಲ. ಇದನ್ನು ನಾವು ಒಪ್ಪುತ್ತೇವೆ.

ಯಂತ್ರದ ಮೇಲೆ ನಮಗೆ ಹಗೆಯಿಲ್ಲ. ಗಾಂಧಿವಾದಿಗಳು ಯಂತ್ರವನ್ನು ಶಪಿಸುತ್ತಿದ್ದಾಗ, ಯಂತ್ರವಿಲ್ಲದೆ ದುಡಿವ ಮನುಷ್ಯನಿಗೆ ಬಿಡುವಿಲ್ಲ, ಬಿಡುವಿಲ್ಲದೆ ಸಂಸ್ಕೃತಿಯಿಲ್ಲ ಎಂಬ ವಾದ ಹೂಡಿದವರು ಅಂಬೇಡ್ಕರ್. ಯಂತ್ರ ಉಳಿಸಿದ ಹೊತ್ತು ಯಾರ ಪಾಲಾಯಿತು ಎಂಬುದಷ್ಟೇ ನಮ್ಮ ಜಗಳ.

ಐರೋಪ್ಯ ಒಕ್ಕೂಟದಲ್ಲಿ 2024ರ ಜುಲೈಯಲ್ಲಿ ಜಾರಿಗೆ ಬಂದ ಕಾಯಿದೆಯೊಂದು ಸರಕುಗಳಿಗೆ 'ಡಿಜಿಟಲ್ ಪಾಸ್‌ಪೋರ್ಟ್' ತರಲು ಹೊರಟಿದೆ. ಬಟ್ಟೆಯೂ ಅದರ ಮೊದಲ ಸಾಲಿನಲ್ಲಿದೆ. ಮೊಬೈಲು ಹಿಡಿದರೆ ಬಟ್ಟೆಯ ವಿವರ ತೆರೆದುಕೊಳ್ಳಬೇಕು. ಆದರೆ ಬಾಳಿಕೆ, ಮರುಬಳಕೆ, ಪರಿಸರ, ಇವೇ ಅದರ ಚಿಂತೆ. ನೀರಿಗೆ ಲೆಕ್ಕ, ನೂಲಿಗೆ ಲೆಕ್ಕ. ಹೊಲಿದವಳ ಕೂಲಿಗೆ?

ಆದ್ದರಿಂದ ನಮ್ಮ ಬೇಡಿಕೆ ಇಷ್ಟು. ಇಲ್ಲದ ಹುಡುಗಿಯನ್ನು ನಡೆದಾಡಿಸಬಲ್ಲ ನಿಮ್ಮ ಜಾಣತನ ಇರುವ ಹೆಂಗಸನ್ನೂ ತೋರಿಸಲಿ. ಅಂಗಿಯ ಚೀಟಿಗೆ ಮೊಬೈಲು ಹಿಡಿದರೆ, ಅದು ಯಾವ ಕಾರ್ಖಾನೆಯಲ್ಲಿ ಹೊಲಿದದ್ದು, ಅಲ್ಲಿ ಕೊಟ್ಟ ಕೂಲಿ ಎಷ್ಟು, ಓಟಿ ಎಷ್ಟು, ಅಲ್ಲಿ ಸಂಘ ಕಟ್ಟಲು ಬಿಡುತ್ತಾರೋ ಇಲ್ಲವೋ, ಎಲ್ಲ ಕಾಣಲಿ. ಕೈಯ ಕೆಲಸ ಅಳೆಯುವ ಮುನ್ನ ಆ ಕೈಯ ಒಡತಿಯನ್ನೂ ಅವಳ ಸಂಘವನ್ನೂ ಕೇಳಿ. ಆ ಅಳತೆಯಿಂದ ಬಂದ ಲಾಭದಲ್ಲಿ ಅವಳ ಪಾಲು ಕೊಡಿ.

ಸಂಜೆ ಕತ್ತಲಾದ ಮೇಲೆ ಅದೇ ಸ್ಟಾಪಿನಲ್ಲಿ ಆ ದೊಡ್ಡವ್ವ ಇಳಿಯುತ್ತಾಳೆ. ಅವಳ ಅವಳಿ ಕಂಪ್ಯೂಟರಿನೊಳಗೆ ಇನ್ನೂ ದುಡಿಯುತ್ತಲೇ ಇರುತ್ತದೆ. ಆ ದುಡಿಮೆಯ ಕೂಲಿಯನ್ನು ನಾವು ಕೇಳುತ್ತಿದ್ದೇವೆ. ಕೊಡುವ ತನಕ ಕೇಳುತ್ತೇವೆ.