ಪಿಂಚಣಿ ಬರುತ್ತದೆ, ಮಗ್ಗಲು ಹೊರಳಿಸುವವರು ಬರುವುದಿಲ್ಲ

ತ್ರಿಚಕ್ರ ವಾಹನ ವಿತರಣೆಯ ಫೋಟೊ ನಾವು ಎಷ್ಟು ಸಲ ಕಳಿಸಿದ್ದೇವೋ ಲೆಕ್ಕವಿಲ್ಲ. ಕೊಪ್ಪಳ, ಗಂಗಾವತಿ, ಕುಷ್ಟಗಿ, ಯಲಬುರ್ಗಾ ಎಲ್ಲೇ ಆಗಲಿ, ಫೋಟೊ ಒಂದೇ ತರಹ: ಹಿಂದೆ ಸಾಲಾಗಿ ಗಣ್ಯರು, ಮುಂದೆ ವಾಹನದ ಮೇಲೆ ಫಲಾನುಭವಿ. ಆ ವಾಹನದ ಮೇಲೆ ಕೂಡಲಿಕ್ಕೂ ಆಗದವರು ಫೋಟೊದಲ್ಲಿ ಇರುವುದಿಲ್ಲ. ಹಾಗಾಗಿ ನಮ್ಮ ಸುದ್ದಿಯಲ್ಲೂ ಇರುವುದಿಲ್ಲ.

ಕುಷ್ಟಗಿ ತಾಲ್ಲೂಕಿನ ಒಂದು ಹಳ್ಳಿಗೆ ಬೆಳೆಹಾನಿ ಸುದ್ದಿಗೆಂದು ಹೋದಾಗ ಅಂಥ ಒಬ್ಬ ಅಜ್ಜಿಯನ್ನು ಕಂಡೆವು. ಲಕ್ವ ಹೊಡೆದು ಬಲಗೈ, ಬಲಗಾಲು ಬಿದ್ದುಹೋಗಿವೆ. ಮಗ, ಸೊಸೆ ಮಂಗಳೂರಿಗೆ ಗಾರೆ ಕೆಲಸಕ್ಕೆ ಗುಳೆ ಹೋಗಿದ್ದಾರೆ. ಪಕ್ಕದ ಮನೆಯಾಕೆ ಕೂಲಿಗೆ ಹೋಗುವ ಮುಂಚೆ ಸಾರಿನಲ್ಲಿ ರೊಟ್ಟಿ ನೆನೆಸಿಟ್ಟು ಹೋಗುತ್ತಾಳೆ, ಮತ್ತೆ ಬಾಗಿಲು ತೆರೆಯುವುದು ಸಂಜೆಗೇ. "ರೊಕ್ಕ ಬರತೈತೋ ಯಪ್ಪಾ. ಮಗ್ಗಲಾ ಹೊಳ್ಳಸಾಕ ಯಾರಿಲ್ಲ" ಅಂದರು ಅಜ್ಜಿ. ಬೆನ್ನ ತುಂಬ ಹುಣ್ಣಾಗಿತ್ತು.

ರೊಕ್ಕ ಅಂದರೆ ಸಂಧ್ಯಾ ಸುರಕ್ಷಾದ 1,200 ರೂಪಾಯಿ. ಅದು ಬೇಡವೆಂದಲ್ಲ. ಆದರೆ ನಮ್ಮ ಸರ್ಕಾರಗಳಿಗೆ ಆರೈಕೆ ಅಂದರೆ ಖಾತೆಗೆ ಹಣ ಹಾಕುವುದು, ಇಲ್ಲವೇ ಒಂದು ವಸ್ತು ಕೊಡುವುದು. ಮನೆಗೆ ಬಂದು ಎತ್ತಿ ಕೂಡಿಸುವ, ಮೈ ಒರೆಸುವ ಕೈ ಯಾವ ಇಲಾಖೆಯ ಲೆಕ್ಕದಲ್ಲೂ ಇಲ್ಲ. 2024-25ರ ರಾಜ್ಯ ಬಜೆಟ್ಟಿನಲ್ಲಿ ಆರೈಕೆ ಮಾಡುವವರಿಗೆ ತಿಂಗಳಿಗೆ 1,000 ರೂಪಾಯಿ ಘೋಷಿಸಿದಾಗ ನಮಗೂ ಖುಷಿಯಾಗಿತ್ತು. ಹೆಸರಿಸಿದ ಕಾಯಿಲೆಗಳು ಮಾತ್ರ ಸೆರೆಬ್ರಲ್ ಪಾಲ್ಸಿ, ಮಸ್ಕ್ಯುಲರ್ ಡಿಸ್ಟ್ರೊಫಿ, ಪಾರ್ಕಿನ್ಸನ್, ಮಲ್ಟಿಪಲ್ ಸ್ಕ್ಲೆರೋಸಿಸ್. ನಮ್ಮ ಹಳ್ಳಿಗಳಲ್ಲಿ ಓಣಿಗೊಬ್ಬರಂತೆ ಕಾಣುವ ಲಕ್ವ ಅದರಲ್ಲಿಲ್ಲ.

ಮಗನ ಮೇಲೆ ಕೇಸು ಹಾಕಬಹುದಲ್ಲ ಎಂದು ಪೇಟೆಯ ಗೆಳೆಯರೊಬ್ಬರು ಕೇಳಿದರು. ಹಾಕಬಹುದು. 2007ರ ಪಾಲಕರ ಪೋಷಣೆ ಕಾಯ್ದೆಯಡಿ ಉಪವಿಭಾಗಾಧಿಕಾರಿಗಳ ನ್ಯಾಯಮಂಡಳಿಗೆ ವಕೀಲರಿಲ್ಲದೆ ಅರ್ಜಿ ಕೊಡಬಹುದು, ಅಜ್ಜಿಗೆ ಆಗದಿದ್ದರೆ ಅವರು ಒಪ್ಪಿಸಿದ ಬೇರೆಯವರೂ ಕೊಡಬಹುದು. ಆಸ್ತಿ ಬರೆಸಿಕೊಂಡು ಹೊರಗೆ ಹಾಕಿದ ಮಕ್ಕಳಿಗೆ ಅದು ತಕ್ಕ ಮದ್ದು. ಆದರೆ ಆ ಕಾಯ್ದೆ ಇರುವುದು ನೋಡಿಕೊಳ್ಳಲು ಒಲ್ಲದ ಮಕ್ಕಳಿಗಾಗಿ. ಈ ಮಗನಿಗೆ ಮನಸ್ಸಿದೆ, ಊರಲ್ಲಿ ಕೆಲಸವಿಲ್ಲ. ಗಂಗಾವತಿ ಕಡೆ ತುಂಗಭದ್ರೆಯ ಕಾಲುವೆ ನೀರಿದೆ, ಭತ್ತದ ಗದ್ದೆಯಲ್ಲಿ ಕೂಲಿಯಾದರೂ ಸಿಗುತ್ತದೆ. ಕುಷ್ಟಗಿ, ಯಲಬುರ್ಗಾದ ಒಣಭೂಮಿಯವರು ಮಳೆ ಕೈಕೊಟ್ಟರೆ ಬಸ್ಸು ಹತ್ತಬೇಕು. ಹಿಂದೆ ಉಳಿಯುವವರು ಮುದುಕರು.

ಈಗ ಇರುವ ದಾರಿ ಹೇಳಿಬಿಡುತ್ತೇವೆ, ಬಹಳ ಮನೆಗಳಿಗೆ ಅದೂ ಗೊತ್ತಿಲ್ಲ. ಗ್ರಾಮ ಪಂಚಾಯಿತಿಯಲ್ಲಿ ಗ್ರಾಮೀಣ ಪುನರ್ವಸತಿ ಕಾರ್ಯಕರ್ತರು ಇರುತ್ತಾರೆ, ತಾಲ್ಲೂಕು ಪಂಚಾಯಿತಿಯಲ್ಲಿ ವಿವಿಧೋದ್ದೇಶ ಪುನರ್ವಸತಿ ಕಾರ್ಯಕರ್ತರು. ಯುಡಿಐಡಿ ಕಾರ್ಡು, ಅಂಗವಿಕಲ ವೇತನ, ಸಾಧನ ಸಲಕರಣೆಗಳ ಅರ್ಜಿಗೆ ಮೊದಲು ಅವರನ್ನು ಹಿಡಿಯಿರಿ. ಪಿಂಚಣಿಗೆ ನಾಡಕಚೇರಿ. ಹಿರಿಯರಿಗೆ ತೊಂದರೆಯಾದರೆ 14567ಕ್ಕೆ ಉಚಿತವಾಗಿ ಕರೆ ಮಾಡಬಹುದು. ಹುಣ್ಣು, ಜ್ವರ ಇದ್ದರೆ ಆಶಾ ಕಾರ್ಯಕರ್ತೆಗೆ ತಿಳಿಸಿ.

ಆದರೆ ಆ ಗ್ರಾಮೀಣ ಪುನರ್ವಸತಿ ಕಾರ್ಯಕರ್ತರೂ ಅಂಗವಿಕಲರೇ, ಗೌರವಧನದ ಮೇಲೆ ದುಡಿಯುವವರು. ಮೂರ್ನಾಲ್ಕು ಹಳ್ಳಿಗಳ ಮನೆಮನೆಗೆ ಹೋಗಿ ಮೈ ಒರೆಸಿ ಎಂದು ಅವರಿಗೆ ಹೇಳುವುದು ಅನ್ಯಾಯ.

ನಾವು ಕೇಳುವುದು ಇಷ್ಟೇ. ಹಾಸಿಗೆ ಹಿಡಿದವರ ಪಟ್ಟಿಯೊಂದನ್ನು ಪ್ರತಿ ಪಂಚಾಯಿತಿ ಇಡಲಿ. ಅದೇ ಓಣಿಯ ಸ್ವಸಹಾಯ ಸಂಘದ ಒಬ್ಬ ಮಹಿಳೆಗೆ ತರಬೇತಿ ಕೊಟ್ಟು, ದಿನಕ್ಕೆ ಎರಡು ತಾಸಿನ ಕೂಲಿ ಕೊಡಲಿ. ಪಂಚಾಯಿತಿಯ ಸ್ವಂತ ಆದಾಯದಲ್ಲಿ ಅಂಗವಿಕಲರಿಗೆಂದು ಶೇ 5 ಮೀಸಲಿದೆಯಲ್ಲ ಎನ್ನುತ್ತಾರೆ. ಮನೆ ಕರವೇ ಸರಿಯಾಗಿ ಬರದ ಊರಲ್ಲಿ ಆ ಶೇ 5 ಎಷ್ಟಾದೀತು? ಕಲ್ಯಾಣ ಕರ್ನಾಟಕ ಪ್ರದೇಶಾಭಿವೃದ್ಧಿ ಮಂಡಳಿಗೆ 2024-25ರ ಬಜೆಟ್ಟಿನಲ್ಲಿ ಹೇಳಿದ್ದು 5,000 ಕೋಟಿ ರೂಪಾಯಿ. ರಸ್ತೆ, ಕಟ್ಟಡಕ್ಕೆ ಹೋಗುವ ಆ ಹಣದಲ್ಲಿ ನಾಲ್ಕು ತಾಲ್ಲೂಕಿನ ಇಂಥ ಕೂಲಿಗೆ ಬೇಕಾಗುವುದು ಚಿಲ್ಲರೆ. ಉದ್ಘಾಟನೆಗೆ ಕಲ್ಲು ನೆಡಲು ಬರುವುದಿಲ್ಲ ಎಂಬುದೊಂದೇ ಕೊರತೆ.

ಹೋದ ವಾರ ಆ ಊರಿಗೆ ಮತ್ತೆ ಹೋಗಿದ್ದೆವು. ಆಶಾ ಕಾರ್ಯಕರ್ತೆ ಬಂದು ಹೋದ ಮೇಲೆ ಹುಣ್ಣು ಸ್ವಲ್ಪ ಒಣಗಿದೆ. ರೊಟ್ಟಿ ನೆನೆಸಿಟ್ಟು ಹೋಗುವಾಕೆ ಕಟ್ಟೆಯ ಮೇಲೆ ಕೂತಿದ್ದಳು. ದೀಪಾವಳಿ ಮುಗಿದ ಮೇಲೆ ಅವರ ಮನೆಯವರೂ ಮಂಗಳೂರಿಗೆ ಹೋಗುವವರಂತೆ.