ಶುಲ್ಕದ ಪಟ್ಟಿಯಲ್ಲಿ ಇಲ್ಲದ ಲೆಕ್ಕ

ವೈದ್ಯಕೀಯ ಸೀಟಿನ ಆಪ್ಷನ್ ಎಂಟ್ರಿಗೆ ಸಿಗುವುದು ಕೆಲವೇ ದಿನ. ಐದೂವರೆ ವರ್ಷದ ಬದುಕು ಅಷ್ಟರಲ್ಲಿ ತೀರ್ಮಾನವಾಗಬೇಕು. ಪಟ್ಟಿಯಲ್ಲಿ ಯಾವ ಕಾಲೇಜು ಮೇಲೆ, ಯಾವುದು ಕೆಳಗೆ ಎಂಬುದೇ ಪ್ರಶ್ನೆ. ಮೇಲಿನದು ಸಿಕ್ಕರೆ ಕೆಳಗಿನದರ ಬಾಗಿಲು ಮುಚ್ಚಿತು. ಶುಲ್ಕ ಎಷ್ಟೆಂದು ಸೀಟು ಹಂಚುವ ಕರ್ನಾಟಕ ಪರೀಕ್ಷಾ ಪ್ರಾಧಿಕಾರ ಹೇಳುತ್ತದೆ. ಊರು ಎಷ್ಟು ದೂರವೆಂದು ಬಸ್ಸಿನ ವೇಳಾಪಟ್ಟಿ ಹೇಳುತ್ತದೆ. ಅಲ್ಲಿ ಮಗಳು ನೆಮ್ಮದಿಯಿಂದ ಓದಿಯಾಳೇ ಎಂಬುದನ್ನು ಯಾರೂ ಹೇಳುವುದಿಲ್ಲ. ಹೇಳುವವರಿಲ್ಲದ ಕಾರಣ ಕೇಳುವವರೂ ಇಲ್ಲ. ಮೂರರಲ್ಲಿ ಹೆಚ್ಚು ತೂಕದ ಪ್ರಶ್ನೆ ಅದೇ ಎಂಬುದು ನಮ್ಮ ಅಭಿಪ್ರಾಯ.

ತುಮಕೂರಿನ ಒಂದು ಮನೆ ಎಂದಿಟ್ಟುಕೊಳ್ಳಿ. ಅಪ್ಪ ಪ್ರೌಢಶಾಲೆಯ ಮೇಷ್ಟ್ರು. ಮಗಳ ರ‍್ಯಾಂಕಿಗೆ ಎರಡು ದಾರಿ ಕಾಣುತ್ತಿವೆ. ಒಂದು, ಕಾರವಾರದ ಸರ್ಕಾರಿ ಕಾಲೇಜು. ಇನ್ನೊಂದು, ಬೆಂಗಳೂರಿನ ಕಾಲೇಜಿನಲ್ಲಿ ಖಾಸಗಿ ಕೋಟಾದ ಸೀಟು. ಮೊದಲನೆಯದಕ್ಕೆ ವರ್ಷದ ಶುಲ್ಕ ಅರವತ್ತು ಸಾವಿರ ರೂಪಾಯಿಯ ಆಸುಪಾಸು. ಎರಡನೆಯದಕ್ಕೆ ಹತ್ತು ಲಕ್ಷಕ್ಕೂ ಮೇಲೆ. ಬೆಂಗಳೂರು ಮನೆಯಿಂದ ಎರಡು ಗಂಟೆಯ ದಾರಿ. ಕಾರವಾರಕ್ಕೆ ಒಂದು ಇಡೀ ರಾತ್ರಿಯ ಪ್ರಯಾಣ. ನೆಂಟರೆಲ್ಲ ಬೆಂಗಳೂರು ಎನ್ನುತ್ತಾರೆ. ಅಮ್ಮನಿಗೆ ಮಗಳು ಹತ್ತಿರ ಇರಲಿ ಎಂಬ ಆಸೆ. ಅಪ್ಪ ಸೈಟಿನ ಪತ್ರ ತೆಗೆದು ನೋಡುತ್ತಿದ್ದಾರೆ. ಮಗಳು ಸುಮ್ಮನಿದ್ದಾಳೆ. ಇಂಥ ಮನೆಗಳು ಪ್ರತಿ ವರ್ಷ ಸಾವಿರಾರು.

ಮೊದಲು ದುಡ್ಡಿನ ಮಾತು. ಶುಲ್ಕ, ಹಾಸ್ಟೆಲ್, ಊಟ, ಪುಸ್ತಕ ಎಲ್ಲ ಸೇರಿ ಖಾಸಗಿ ಕೋಟಾದ ಓದು ಅರ್ಧ ಕೋಟಿ ದಾಟುತ್ತದೆ. ಬ್ಯಾಂಕು ಏಳೂವರೆ ಲಕ್ಷದವರೆಗೆ ಅಡಮಾನವಿಲ್ಲದೆ ಕೊಟ್ಟೀತು. ಆಮೇಲೆ ಮನೆ ಅಥವಾ ಜಮೀನಿನ ಪತ್ರ ಕೇಳುತ್ತದೆ. 50 ಲಕ್ಷದ ಸಾಲಕ್ಕೆ ಶೇ 10ರ ಬಡ್ಡಿ, 15 ವರ್ಷದ ಅವಧಿ ಎಂದರೆ ತಿಂಗಳ ಕಂತು ಸುಮಾರು 54 ಸಾವಿರ. ಓದುವ ವರ್ಷಗಳಲ್ಲಿ ಬೆಳೆದ ಬಡ್ಡಿ ಇದರಲ್ಲಿ ಸೇರಿಲ್ಲ. ಹೊಸದಾಗಿ ಎಂಬಿಬಿಎಸ್ ಮುಗಿಸಿದವರ ಸಂಬಳದ ಬಹುಪಾಲು ಅಲ್ಲಿಗೇ ಹೋಯಿತು. ಸ್ನಾತಕೋತ್ತರ ಪ್ರವೇಶಕ್ಕೆ ಒಂದು ವರ್ಷ ಕುಳಿತು ಓದುವ ಬಿಡುವೂ ಹೋಯಿತು. ತಾಲ್ಲೂಕು ಆಸ್ಪತ್ರೆಯಲ್ಲಿ ಕೆಲಸ ಮಾಡುವ ಮನಸ್ಸಿದ್ದರೂ ಕಂತು ಬಿಡುವುದಿಲ್ಲ.

ಆದ್ದರಿಂದ ಸಾಲವನ್ನು ಬರೀ ದುಡ್ಡಿನ ಲೆಕ್ಕವೆಂದು ನೋಡುವುದು ತಪ್ಪು. ಅದು ನೆಮ್ಮದಿಯ ಲೆಕ್ಕ. ಅಂಗರಚನಾಶಾಸ್ತ್ರದಲ್ಲಿ ಫೇಲಾದ ಹುಡುಗಿಗೆ ಮೊದಲು ನೆನಪಾಗುವುದು ಅಪ್ಪ ಮಾರಿದ ಸೈಟು. ಆ ನೆನಪು ಹೊತ್ತು ಪೂರಕ ಪರೀಕ್ಷೆಗೆ ಕೂರುವುದು ಕಷ್ಟ. ಮನೆ ಮಾರಿಸುವ ಸೀಟು ಎಷ್ಟೇ ಹತ್ತಿರವಿದ್ದರೂ ಪಟ್ಟಿಯ ಮೇಲ್ಭಾಗಕ್ಕೆ ಯೋಗ್ಯವಲ್ಲ. ಖಾಸಗಿ ಕಾಲೇಜಿನಲ್ಲೇ ಸರ್ಕಾರಿ ಕೋಟಾದ ಸೀಟು ಸಿಕ್ಕರೆ ಮಾತು ಬೇರೆ. ಅಲ್ಲಿ ವರ್ಷಕ್ಕೆ ಒಂದೂವರೆ ಲಕ್ಷದ ಆಸುಪಾಸು. ಸಂಬಳದ ಮನೆಗೂ ಅದು ಹೇಗೋ ನಿಭಾಯಿಸುವ ಮೊತ್ತ. ಹೀಗೆ ನಿಭಾಯಿಸಬಲ್ಲ ಎರಡು ಸೀಟುಗಳ ನಡುವೆ ಮಾತ್ರ ಉಳಿದ ಪ್ರಶ್ನೆಗಳು ಏಳಬೇಕು.

ಇನ್ನು ಊರು. ದೊಡ್ಡ ಊರಿನ ಕಾಲೇಜು ಒಳ್ಳೆಯ ಕಾಲೇಜು ಎಂಬ ನಂಬಿಕೆಗೆ ನಮ್ಮ ರಾಜ್ಯದ ಚರಿತ್ರೆಯೇ ಉತ್ತರ ಕೊಟ್ಟಿದೆ. 1924ರಲ್ಲಿ ಬೆಂಗಳೂರಿನಲ್ಲಿ ಆರಂಭವಾದ ವೈದ್ಯಕೀಯ ಕಾಲೇಜು 1930ರಲ್ಲಿ ಮೈಸೂರಿಗೆ ಹೋಯಿತು. ಅಲ್ಲಿಯೇ ಹೆಸರು ಮಾಡಿತು. 1953ರಲ್ಲಿ ಡಾ. ಟಿ.ಎಂ.ಎ. ಪೈ ಕಸ್ತೂರ್ಬಾ ಕಾಲೇಜು ತೆರೆದಾಗ ಮಣಿಪಾಲ ಬೋಳುಗುಡ್ಡ. ಅದರ ವಿದ್ಯಾರ್ಥಿಗಳು ರೋಗಿಯನ್ನು ಮುಟ್ಟಿ ಕಲಿತದ್ದು ಮಂಗಳೂರಿನ ವೆನ್ಲಾಕ್ ಆಸ್ಪತ್ರೆಯಲ್ಲಿ. ಅದು ಜಿಲ್ಲಾ ಆಸ್ಪತ್ರೆ, ಬಡವರ ಆಸ್ಪತ್ರೆ. ವೈದ್ಯವಿದ್ಯೆ ಕಲಿಸುವುದು ರೋಗಿಯ ಹಾಸಿಗೆ. ಹಾಸಿಗೆ ತುಂಬಿರುವ ಊರು ಯಾವುದಾದರೂ ಒಳ್ಳೆಯ ಊರೇ.

ಜಿಲ್ಲಾ ಆಸ್ಪತ್ರೆಗೆ ಹೊಂದಿಕೊಂಡ ಸರ್ಕಾರಿ ಕಾಲೇಜುಗಳ ಬಲ ಇರುವುದು ಇಲ್ಲಿ. ಹೊರರೋಗಿ ವಿಭಾಗದ ಮುಂದೆ ಬೆಳಗ್ಗೆ ಎಂಟಕ್ಕೆ ಸಾಲು ನಿಂತಿರುತ್ತದೆ. ಹೆರಿಗೆ ಕೋಣೆಗೆ ರಾತ್ರಿಯೆಂಬುದಿಲ್ಲ. ಹಾವು ಕಚ್ಚಿದವರು, ಕೀಟನಾಶಕ ಕುಡಿದವರು, ಬೈಕಿನಿಂದ ಬಿದ್ದವರು ಮೊದಲು ಬರುವುದು ಅಲ್ಲಿಗೆ. ಇಂಟರ್ನ್ ಕೈಗೆ ಸೂಜಿ ದಾರ ಬೇಗ ಸಿಗುತ್ತದೆ. ಇದಕ್ಕೆ ವಿರುದ್ಧವಾದ ಚಿತ್ರವೂ ದೇಶದಲ್ಲಿದೆ. ತಪಾಸಣೆಯ ದಿನ ಮಾತ್ರ ವಾರ್ಡು ತುಂಬಿಸಿದ ಆರೋಪ ಕೆಲವು ಖಾಸಗಿ ಕಾಲೇಜುಗಳ ಮೇಲೆ ಬಂದಿದೆ. 2025ರಲ್ಲಿ ಸಿಬಿಐ ದಾಖಲಿಸಿದ ಪ್ರಕರಣದಲ್ಲಿ ಸುಳ್ಳು ರೋಗಿಗಳ ಮಾತೂ ಇದೆ. ಹಾಗೆಂದು ಸರ್ಕಾರಿ ಎಂದಾಕ್ಷಣ ಕಣ್ಣು ಮುಚ್ಚಿ ನಂಬಬೇಕಿಲ್ಲ. ಹೊಸ ಸರ್ಕಾರಿ ಕಾಲೇಜುಗಳಲ್ಲಿ ಬೋಧಕರ ಕೊರತೆ ನಿಜ. ರೋಗಿಗಳಿದ್ದು ಕಲಿಸುವವರಿಲ್ಲದಿದ್ದರೂ ಕಲಿಕೆ ಅರ್ಧಕ್ಕೆ ನಿಲ್ಲುತ್ತದೆ. ಎರಡನ್ನೂ ವಿಚಾರಿಸಬೇಕು.

ಕಾಲೇಜಿನ ಹೆಸರಿನ ಬಗ್ಗೆ ಒಂದು ಮಾತು. ಸ್ನಾತಕೋತ್ತರ ನೀಟ್‌ನಲ್ಲಿ ಎಂಬಿಬಿಎಸ್ ಓದಿದ ಕಾಲೇಜಿಗೆ ಒಂದು ಅಂಕವೂ ಇಲ್ಲ. ಬೆಂಗಳೂರಿನಲ್ಲಿ ಓದಿದವರಿಗೂ ಬೀದರ್‌ನಲ್ಲಿ ಓದಿದವರಿಗೂ ಒಂದೇ ಪ್ರಶ್ನೆಪತ್ರಿಕೆ, ಒಂದೇ ರ‍್ಯಾಂಕ್ ಪಟ್ಟಿ. ಆ ಪರೀಕ್ಷೆಗೆ ಬೇಕಾದದ್ದು ಐದು ವರ್ಷ ಕೆಡದೆ ಉಳಿದ ಓದಿನ ಅಭ್ಯಾಸ. ಅದು ಉಳಿಯುವುದು ಮನಸ್ಸು ನೆಟ್ಟಗಿದ್ದಾಗ ಮಾತ್ರ.

ಆ ಮನಸ್ಸಿನ ಸ್ಥಿತಿ ಹೇಗಿದೆ ಎಂಬುದಕ್ಕೆ ಅಂಕಿ ಇದೆ. ವೈದ್ಯಕೀಯ ವಿದ್ಯಾರ್ಥಿಗಳ ಮಾನಸಿಕ ಆರೋಗ್ಯ ಕುರಿತು ರಾಷ್ಟ್ರೀಯ ವೈದ್ಯಕೀಯ ಆಯೋಗದ ಕಾರ್ಯಪಡೆ 2024ರಲ್ಲಿ ವರದಿ ಕೊಟ್ಟಿತು. ಸಮೀಕ್ಷೆಗೆ ಉತ್ತರಿಸಿದ ಎಂಬಿಬಿಎಸ್ ವಿದ್ಯಾರ್ಥಿಗಳಲ್ಲಿ ಶೇ 27.8ರಷ್ಟು ಮಂದಿ ತಮಗೆ ಮಾನಸಿಕ ತೊಂದರೆ ಇದೆ ಎಂದರು. ನಾಲ್ವರಲ್ಲಿ ಒಬ್ಬರಿಗಿಂತ ಹೆಚ್ಚು. ಶೇ 16.2ರಷ್ಟು ಮಂದಿ ಸಾಯುವ ಯೋಚನೆ ಬಂದಿದೆ ಎಂದರು. ಇವರೆಲ್ಲ ತಮ್ಮ ತರಗತಿಯಲ್ಲಿ ಮೊದಲಿಗರಾಗಿ ಬಂದ ಮಕ್ಕಳು. ಬುದ್ಧಿ ಕಡಿಮೆಯಾಗಿ ಅವರು ಸೋಲುತ್ತಿಲ್ಲ. ನಿದ್ದೆಯಿಲ್ಲದೆ, ಮಾತಾಡುವವರಿಲ್ಲದೆ, ಹೆದರಿಕೆಯಲ್ಲಿ ಸೋಲುತ್ತಿದ್ದಾರೆ. ಇಷ್ಟನ್ನು ತಿಳಿದ ಮೇಲೂ ನೆಮ್ಮದಿಯನ್ನು ಮೂರನೆಯ ಸ್ಥಾನಕ್ಕೆ ತಳ್ಳುವುದು ನಮ್ಮ ಮಕ್ಕಳಿಗೆ ನಾವು ಮಾಡುವ ಅನ್ಯಾಯ.

ನೆಮ್ಮದಿ ಎಂದರೆ ಮಾಲ್, ಸಿನಿಮಾ, ಕಾಫಿ ಅಂಗಡಿ ಎಂದು ತಿಳಿಯಬಾರದು. ಅದಕ್ಕೆ ಗಟ್ಟಿಯಾದ ಅರ್ಥವಿದೆ. ಹಾಸ್ಟೆಲ್‌ನಲ್ಲಿ ಹೊತ್ತಿಗೆ ಊಟ, ನೀರು, ನಿದ್ದೆ. ರಾತ್ರಿ ಪಾಳಿ ಮುಗಿಸಿ ಬರುವ ಹುಡುಗಿಗೆ ಸುರಕ್ಷಿತ ದಾರಿ. ಸೀನಿಯರ್‌ಗಳ ಕಾಟವಿಲ್ಲದ ಮೊದಲ ವರ್ಷ. ಗೊತ್ತಿಲ್ಲ ಎಂದಾಗ ವಾರ್ಡಿನಲ್ಲಿ ಎಲ್ಲರೆದುರು ಅವಮಾನ ಮಾಡದ ಗುರು. ಫೇಲಾದಾಗ ಹೋಗಿ ಕುಳಿತು ಅಳಬಹುದಾದ ಒಂದು ಕೋಣೆ. ಕನ್ನಡ ಮಾಧ್ಯಮದಿಂದ ಬಂದ ಮಗುವಿಗೆ ಇನ್ನೂ ಒಂದು ಬೇಕು. ಇಂಗ್ಲಿಷ್ ಪಾಠ ಅರ್ಥವಾಗದ ಮೊದಲ ಆರು ತಿಂಗಳು ಕೈ ಹಿಡಿಯುವವರು. ಆ ಆರು ತಿಂಗಳು ದಾಟಿದರೆ ಅದೇ ಮಗುವಿನ ಕನ್ನಡ ವಾರ್ಡಿನಲ್ಲಿ ದೊಡ್ಡ ಆಸ್ತಿ. ಎದೆಯಲ್ಲಿ ಹಿಡಿದಂಗೆ ಆಗ್ತದೆ ಎಂದು ಅಜ್ಜಿಯೊಬ್ಬರು ಹೇಳಿದಾಗ ಅದರ ಅರ್ಥ ಅವಳಿಗೆ ಬೇಗ ಹೊಳೆಯುತ್ತದೆ.

ದೂರವೂ ಇದರ ಒಂದು ಭಾಗ. ಕೆಲವರಿಗೆ ಮನೆಯ ಹತ್ತಿರ ಇರುವುದೇ ಔಷಧ. ವಾರಕ್ಕೊಮ್ಮೆ ಅಮ್ಮನ ಕೈಯಡುಗೆ ಸಿಕ್ಕರೆ ಉಳಿದ ಆರು ದಿನ ಎಳೆಯಬಲ್ಲರು. ಕೆಲವರಿಗೆ ದೂರವೇ ಬಿಡುಗಡೆ. ಪಿಯುಸಿ ಎರಡು ವರ್ಷ ಅಂಕದ ಕಾವಲಿನಲ್ಲಿ ಬೆಳೆದ ಹುಡುಗ ಅರಬ್ಬೀ ಸಮುದ್ರದ ದಂಡೆಯ ಊರಿನಲ್ಲಿ ಮೊದಲ ಸಲ ತನ್ನ ಇಷ್ಟಕ್ಕೆ ಓದಿಯಾನು. ಯಾವ ಮಗು ಯಾವ ಬಗೆ ಎಂಬುದು ನೆಂಟರಿಗೆ ತಿಳಿಯದು. ಕೋಚಿಂಗ್ ಕೇಂದ್ರದ ಸಲಹೆಗಾರರಿಗೆ ತಿಳಿಯದು. ಬಹಳ ಸಲ ಅಪ್ಪ ಅಮ್ಮನಿಗೂ ತಿಳಿಯದು. ತಿಳಿದಿರುವುದು ಆ ಮಗುವಿಗೆ. ಸುಮ್ಮನೆ ಕುಳಿತಿರುವ ಅವಳನ್ನು ಮಾತಾಡಿಸದೆ ಆಪ್ಷನ್ ಪಟ್ಟಿ ತುಂಬಿದರೆ ಮುಂದಿನ ಹೊಣೆಯೂ ತುಂಬಿದವರದೇ. ಒಂದು ಕಾಲೇಜಿನಿಂದ ಇನ್ನೊಂದಕ್ಕೆ ವರ್ಗ ಪಡೆಯುವುದು ಎಂಬಿಬಿಎಸ್‌ನಲ್ಲಿ ಸುಲಭವಿಲ್ಲ. ನಡುವೆ ಬಿಟ್ಟರೆ ಕಳೆದ ವರ್ಷವೂ ಕಟ್ಟಿದ ಹಣವೂ ಕೈಗೆ ಬಾರದು.

ಸರ್ಕಾರಕ್ಕೂ ಇಲ್ಲಿ ಕೆಲಸವಿದೆ. ಅದು ಕಷ್ಟದ ಕೆಲಸವಲ್ಲ. 1996ರಿಂದ ರಾಜೀವ್ ಗಾಂಧಿ ಆರೋಗ್ಯ ವಿಜ್ಞಾನಗಳ ವಿಶ್ವವಿದ್ಯಾಲಯವಿದೆ. ತನ್ನ ಕಾಲೇಜುಗಳಲ್ಲಿ ಮೊದಲ ವರ್ಷ ಎಷ್ಟು ಮಂದಿ ಪಾಸಾದರು ಎಂಬುದು ಅದಕ್ಕೆ ಗೊತ್ತು. ಎಷ್ಟು ಮಂದಿ ನಡುವೆ ಬಿಟ್ಟರು ಎಂಬುದನ್ನು ಕಾಲೇಜುಗಳಿಂದ ತರಿಸಿಕೊಳ್ಳಬಹುದು. ಇಂಟರ್ನ್‌ಗಳಿಗೆ ಸ್ಟೈಪೆಂಡ್ ನಿಜವಾಗಿ ಎಷ್ಟು ಸಿಗುತ್ತದೆ, ಹಾಸ್ಟೆಲ್‌ನಲ್ಲಿ ಎಷ್ಟು ಮಂದಿಗೆ ಜಾಗವಿದೆ, ದಿನಕ್ಕೆ ಎಷ್ಟು ಹೊರರೋಗಿಗಳು ಬರುತ್ತಾರೆ, ಆಪ್ತಸಮಾಲೋಚಕರು ಇದ್ದಾರೆಯೇ, ಎಷ್ಟು ಬೋಧಕ ಹುದ್ದೆ ಖಾಲಿ ಇವೆ. ಇವೆಲ್ಲ ಒಂದು ಪುಟದ ಮಾಹಿತಿ. ರಾಜ್ಯದಲ್ಲಿ ವೈದ್ಯಕೀಯ ಕಾಲೇಜುಗಳು ಎಪ್ಪತ್ತರ ಆಸುಪಾಸು, ಸೀಟುಗಳು 12 ಸಾವಿರಕ್ಕೂ ಹೆಚ್ಚು. ಅಷ್ಟು ಪುಟ ಮುದ್ರಿಸುವುದು ಭಾರವಲ್ಲ. ಶುಲ್ಕದ ಪಟ್ಟಿಯ ಪಕ್ಕದಲ್ಲೇ ಪರೀಕ್ಷಾ ಪ್ರಾಧಿಕಾರ ಈ ಪುಟವನ್ನೂ ಪ್ರಕಟಿಸಬೇಕು. ಆಪ್ಷನ್ ಎಂಟ್ರಿ ಆರಂಭವಾಗುವ ಮೊದಲೇ ಪ್ರಕಟಿಸಬೇಕು. ಮುಂದಿನ ಸಾಲಿನಿಂದಲೇ ಆಗಬೇಕು.

ಅಲ್ಲಿಯವರೆಗೆ ಹೆತ್ತವರಲ್ಲಿ ಒಂದು ವಿನಂತಿ. ಎರಡು ಕಾಲೇಜುಗಳ ನಡುವೆ ಮನಸ್ಸು ತೂಗುತ್ತಿದ್ದರೆ ಮಗುವನ್ನು ಕರೆದುಕೊಂಡು ಎರಡಕ್ಕೂ ಹೋಗಿ ಬನ್ನಿ. ಪ್ರಾಂಶುಪಾಲರ ಕೋಣೆಗೆ ಹೋಗುವ ಅಗತ್ಯವಿಲ್ಲ. ಬೆಳಗ್ಗೆ ಹೊರರೋಗಿ ವಿಭಾಗದ ಮುಂದೆ ಒಂದು ಗಂಟೆ ನಿಲ್ಲಿ. ಕ್ಯಾಂಟೀನಿನಲ್ಲಿ ಇಬ್ಬರು ಇಂಟರ್ನ್‌ಗಳನ್ನು ಮಾತಾಡಿಸಿ. ಮೇಷ್ಟ್ರು ಕ್ಲಾಸಿಗೆ ಬರುತ್ತಾರೆಯೇ, ಕೈಯಾರೆ ಕೆಲಸ ಮಾಡಲು ಬಿಡುತ್ತಾರೆಯೇ, ಸ್ಟೈಪೆಂಡ್ ಬರುತ್ತದೆಯೇ ಎಂದು ಕೇಳಿ. ಕೊನೆಗೆ ಈ ಪ್ರಶ್ನೆ ಕೇಳಿ: ನಿನ್ನ ತಂಗಿಗೆ ಇದೇ ಕಾಲೇಜು ಹೇಳುತ್ತೀಯಾ? ವಾಪಸು ಬರುವ ದಾರಿಯಲ್ಲಿ ಮಗುವನ್ನು ಕೇಳಿ. ಅವಳು ಹೇಳಿದ ಕಾಲೇಜು ನಿಮ್ಮ ಕೈಗೆಟುಕುವಂತಿದ್ದರೆ ಅದನ್ನೇ ಪಟ್ಟಿಯಲ್ಲಿ ಮೊದಲು ಬರೆಯಿರಿ.